ಖಾಲಿ ಬಿಡಬಾರದ ಕಾಲಂ

“ನಿನ್ನೆ ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ ಏನೇನು ಮಾಡ್ದೆ, ಹೇಳು.”

ಕೆಲಸಕ್ಕೆ ಅರ್ಜಿ ಬರೆಸಲು ಬಂದವರನ್ನು ಆಪಾ ಮೊದಲು ಕೇಳುತ್ತಿದ್ದುದು ಇದನ್ನೇ. ಹೆಸರು, ವಿಳಾಸ, ಓದಿದ್ದೆಷ್ಟು ಎಂಬುದೆಲ್ಲ ಆಮೇಲೆ. ಬರುತ್ತಿದ್ದವರು ಹೆಚ್ಚಾಗಿ ಬಿ.ಎ., ಬಿ.ಕಾಂ. ಮುಗಿಸಿ ಒಂದು ದಿನವೂ ಎಲ್ಲೂ ಕೆಲಸ ಮಾಡಿರದ ನನ್ನಂಥವರು. ‘ಅನುಭವ’ ಎಂಬ ಕಾಲಂ ಬಂದ ಕೂಡಲೇ ನಮ್ಮ ಮುಖ ಸಪ್ಪಗಾಗುತ್ತಿತ್ತು. “ಅದಕ್ಕೆ ಇಲ್ಲ ಅಂತ ಹಾಕ್ಬಿಡಿ ಆಪಾ” ಎಂದರೆ ಅವರಿಗೆ ಎಲ್ಲಿಲ್ಲದ ಸಿಟ್ಟು.

“ಇಲ್ಲ ಅಂತ ಬರಿಯೋಕೆ ನಾನ್ಯಾಕೆ ಬೇಕಿತ್ತು? ನೀನೇ ಬರ್ಕೋಬಹುದಿತ್ತು. ಇಪ್ಪತ್ತೊಂದು ವರ್ಷ ಏನು ತೊಟ್ಟಿಲಲ್ಲೇ ಮಲಗಿದ್ಯಾ?”

ಕಡೂರಿನ ಬಸ್ ನಿಲ್ದಾಣದ ಹತ್ತಿರ ಬಳೆ ಅಂಗಡಿಯೊಂದರ ಪಕ್ಕದಲ್ಲಿ ಇಬ್ಬರು ಎದುರಾದರೆ ಒಬ್ಬರು ಇಳಿದು ಹೋಗಬೇಕಾದಷ್ಟು ಕಿರಿದಾದ ಮೆಟ್ಟಿಲಿತ್ತು. ಅದನ್ನು ಹತ್ತಿದರೆ ಆಪಾನ ಅಂಗಡಿ. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಎರಡು ಪ್ಲಾಸ್ಟಿಕ್ ಕುರ್ಚಿ. ಜನ ಮರೆತು ಜೇಬಿಗೆ ಹಾಕಿಕೊಂಡು ಹೋಗುತ್ತಾರೆಂದು ಸ್ಟೇಪ್ಲರನ್ನು ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದರು. ಗೋಡೆಗೆ ಒರಗಿಸಿದ ಹಳೆಯ ಕ್ಯಾಲೆಂಡರ್ ರಟ್ಟುಗಳು ರಾಶಿ ರಾಶಿ. ಅರ್ಜಿಯನ್ನು ಮಡಚಬಾರದು ಎಂಬುದು ಅವರ ನಿಯಮ. ಎರಡು ರಟ್ಟುಗಳ ನಡುವೆ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಡುತ್ತಿದ್ದರು. ನಾವು ಬಸ್ಸಿನಲ್ಲಿ ಅದನ್ನು ಎದೆಗೆ ಅವಚಿಕೊಂಡು ನಿಲ್ಲುತ್ತಿದ್ದೆವು. ಕಂಡಕ್ಟರುಗಳಿಗೆ ರಟ್ಟು ನೋಡಿದರೇ ಗೊತ್ತಾಗುತ್ತಿತ್ತು. “ಆಪಾನ ಅಂಗಡಿಗೆ ಹೋಗಿದ್ರಾ? ಆಯ್ತು ಬಿಡಿ, ಕೆಲಸ ಸಿಕ್ತು” ಎಂದು ತಮಾಷೆ ಮಾಡುತ್ತಿದ್ದರು.

ಆಪಾ ಎಂದರೆ ಅವರ ಮನೆಮಾತಿನಲ್ಲಿ ಅಕ್ಕ. ಇಪ್ಪತ್ತರ ಹುಡುಗರಿಂದ ಹಿಡಿದು ಪಿಂಚಣಿ ಅರ್ಜಿ ತುಂಬಿಸಲು ಬರುತ್ತಿದ್ದ ಮುದುಕರವರೆಗೆ ಎಲ್ಲರಿಗೂ ಅವರು ಆಪಾ. ಅವರ ನಿಜವಾದ ಹೆಸರು ನನಗೆ ಗೊತ್ತಾಗಿದ್ದು ತೀರಾ ತಡವಾಗಿ, ಅವರದೇ ಅರ್ಜಿ ನನ್ನ ಕೈಗೆ ಬಂದ ದಿನ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿದೆ ಎಂದು ಅನ್ನಿಸುವುದಿಲ್ಲ.

ಅವರೂ ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ. ಊರಿನ ಹೆಸರೇ ನಮ್ಮ ಹೆಸರು. “ಏ ದೇವನೂರು, ಬೆಳಕಿಗೆ ಅಡ್ಡ ನಿಂತಿದೀಯ, ಈ ಕಡೆ ಬಾ.” “ಚೌಳಹಿರಿಯೂರು, ಫೋಟೋ ತಂದ್ಯೇನೇ?” ನಾನು ಶಿವನಿ. ಇಂದಿಗೂ ರೈಲಿನಲ್ಲಿ ಯಾರಾದರೂ “ಶಿವನಿ ಬಂತಾ?” ಎಂದು ಕೇಳಿದರೆ ನನ್ನನ್ನೇ ಕರೆದಂತಾಗಿ ತಿರುಗಿ ನೋಡುತ್ತೇನೆ.

ಚೌಳಹಿರಿಯೂರಿನ ಹುಡುಗಿಯ ಅರ್ಜಿ ಬರೆಯುವಾಗ ನಾನು ಅಲ್ಲಿಯೇ ಕೂತಿದ್ದೆ. ಬಾಯಿ ಬಿಟ್ಟರೆ ಅಳು ಬರುವಂತಿದ್ದ ಹುಡುಗಿ. ನಿನ್ನೆ ಏನು ಮಾಡಿದೆ ಎಂದರೆ, ಅಜ್ಜಿಯನ್ನು ಕರೆದುಕೊಂಡು ತಾಲ್ಲೂಕು ಕಚೇರಿಗೆ ಹೋಗಿದ್ದೆ ಎಂದಳು. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಮೊನ್ನೆ? ಮೊನ್ನೆಯೂ ಹೋಗಿದ್ದೆ. ಖಾತೆ ಬದಲಾವಣೆಗೆ ಎರಡು ವರ್ಷದಿಂದ ಓಡಾಡುತ್ತಿದ್ದೇವೆ. ಆಪಾ ಕನ್ನಡಕ ಹಣೆಗೇರಿಸಿ, ಯಾವ ಮೇಜಿನಲ್ಲಿ ಯಾವ ಕಾಗದ ಕೇಳುತ್ತಾರೆ, ಸಾಹೇಬರು ಎಷ್ಟು ಹೊತ್ತಿಗೆ ಸಿಗುತ್ತಾರೆ, ಅರ್ಜಿ ವಾಪಸ್ಸು ಬಂದರೆ ಏನು ಮಾಡಬೇಕು ಎಂದು ಒಂದೊಂದೇ ಕೇಳಿದರು. ಹುಡುಗಿ ಅಳು ಮರೆತು ಪಟಪಟನೆ ಹೇಳಿದಳು. ಆಪಾ ಅಷ್ಟನ್ನೂ ಟೈಪು ಮಾಡಿ ನಮ್ಮ ಕಡೆ ತಿರುಗಿದರು. “ನೋಡ್ರೇ, ಇವಳು ಎರಡು ವರ್ಷ ಕಚೇರಿ ಕೆಲಸ ಮಾಡಿದಾಳೆ. ಕೌಂಟರಿನ ಈ ಕಡೆ ನಿಂತು ಮಾಡಿದಾಳೆ, ಅಷ್ಟೇ.” ಆ ಹುಡುಗಿಗೆ ವಿಮೆಯ ಕಚೇರಿಯೊಂದರಲ್ಲಿ ಕೆಲಸ ಸಿಕ್ಕಿತು.

ದೇವನೂರಿನವನು ಮದುವೆಗಳಿಗೆ ಶಾಮಿಯಾನ ಹಾಕುವವರ ಜೊತೆ ಹೋಗುತ್ತಿದ್ದ. ಅದನ್ನು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಗಾಳಿ ಬಂದರೆ ಮೊದಲು ಯಾವ ಹಗ್ಗ ಬಿಡಬೇಕು ಎಂದು ಆಪಾ ಕೇಳಿದಾಗ ಎದ್ದು ನಿಂತು, ಕೈ ತಿರುಗಿಸಿ ತೋರಿಸಿದ. ಆಪಾ ಅವನ ಮಾತು ಕೇಳಿ ಕೇಳಿ, “ಇವ್ನಿಗೆ ಗೋಡೌನ್ ಕೊಟ್ರೆ ನಡೆಸ್ತಾನೆ” ಎಂದು ತೀರ್ಪು ಕೊಟ್ಟರು. ಗೋಡೌನೇನೂ ಸಿಗಲಿಲ್ಲ. ಬೀರೂರಿನ ಕಡೆ ಒಂದು ಸಿಮೆಂಟ್ ಅಂಗಡಿಯಲ್ಲಿ ದಾಸ್ತಾನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅವನಿಗೆ ಅದೇ ಗೋಡೌನು.

ಅರ್ಜಿ ತಯಾರಾದ ಮೇಲೆ ಒಂದು ಶಾಸ್ತ್ರವಿತ್ತು. ಬರೆಸಿದವರು ಎದ್ದು ನಿಂತು, ಅಂಗಡಿಯಲ್ಲಿ ಇದ್ದವರೆಲ್ಲರಿಗೂ ಕೇಳುವಂತೆ ಅದನ್ನು ಗಟ್ಟಿಯಾಗಿ ಓದಬೇಕು. ಆಪಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಓದುವವರ ನಾಲಿಗೆ ಎಲ್ಲಾದರೂ ತಡವರಿಸಿದರೆ ಥಟ್ಟನೆ ಕಣ್ಣು ಬಿಡುತ್ತಿದ್ದರು. “ನಿಲ್ಸು. ಅಲ್ಲೇನೋ ಸುಳ್ಳಿದೆ. ನಾನು ಜಾಸ್ತಿ ಬರ್ದಿದೀನಾ, ನೀನು ಜಾಸ್ತಿ ಹೇಳಿದ್ಯಾ?” ಎಷ್ಟೋ ಸಲ ಜಾಸ್ತಿ ಬರೆದವರು ಅವರೇ ಆಗಿರುತ್ತಿದ್ದರು. ನಾಲಿಗೆ ಕಚ್ಚಿಕೊಂಡು ಆ ಸಾಲು ಅಳಿಸುತ್ತಿದ್ದರು. ಕೆಲಸ ಸಿಕ್ಕವರು ಒಂದು ಬಂಡಲ್ ಬಿಳಿ ಹಾಳೆ ತಂದುಕೊಡಬೇಕು, ಮುಂದೆ ಬರುವವರ ಅರ್ಜಿಗೆ. ಬಂಡಲ್ ಮೇಲೆ ಆಪಾ ದಪ್ಪ ಪೆನ್ನಿನಲ್ಲಿ ತಂದವರ ಊರಿನ ಹೆಸರು ಬರೆದಿಡುತ್ತಿದ್ದರು. ಆ ದಿನ ದೇವನೂರಿನ ಹಾಳೆ ಖರ್ಚಾಗುತ್ತಿದ್ದರೆ ದೇವನೂರಿನವನ ಕಥೆ ಹೇಳುತ್ತಿದ್ದರು.

ಅವರ ಸಂಸಾರದ ವಿಷಯ ನನಗೆ ಹೆಚ್ಚು ತಿಳಿಯದು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಜ್ಜಂಪುರದಲ್ಲಿ ಟೈಲರ್ ಕೆಲಸ ಮಾಡುವ ತಮ್ಮನೊಬ್ಬನಿದ್ದ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಎಲ್ಲರ ನಿನ್ನೆಯನ್ನೂ ಕೇಳುತ್ತಿದ್ದ ಹೆಂಗಸನ್ನು ‘ನಿಮ್ಮ ನಿನ್ನೆ ಹೇಗಿತ್ತು’ ಎಂದು ನಮ್ಮಲ್ಲಿ ಒಬ್ಬರೂ ಕೇಳಿದ ನೆನಪಿಲ್ಲ. ಕೆಲಸ ಬೇಕಾದವರಿಗೆ ತಮ್ಮ ಕೆಲಸವೊಂದೇ ಕಾಣುತ್ತದೆ.

ನನ್ನ ನಿನ್ನೆಯನ್ನು ಅವರು ಕೇಳಿದಾಗ ನಾನು ಮೊದಲು ಹೇಳಿದ್ದು, “ಏನೂ ಇಲ್ಲ ಆಪಾ, ಅಮ್ಮನ ಜೊತೆ ಇದ್ದೆ” ಎಂದು.

“ಅಮ್ಮ ಎಲ್ಲಿದ್ರು?”

“ಹೋಟ್ಲಲ್ಲಿ.”

ಶಿವನಿ ಸ್ಟೇಷನ್ನಿನ ಎದುರಿಗೆ ನಮ್ಮಮ್ಮನದೊಂದು ತಗಡಿನ ಹೋಟೆಲಿತ್ತು. ಇಡ್ಲಿ, ಮಂಡಕ್ಕಿ, ಮೆಣಸಿನಕಾಯಿ ಬೋಂಡಾ, ಚಹಾ. ರೈಲು ನಿಲ್ಲುವುದು ಎರಡು ನಿಮಿಷ. ಅಷ್ಟರಲ್ಲಿ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಮುಗಿಬೀಳುತ್ತಾರೆ. ಕ್ರಾಸಿಂಗ್ ಬಿದ್ದು ರೈಲು ಕಾಲು ಗಂಟೆ ನಿಂತುಬಿಟ್ಟರೆ ಬೇರೆಯದೇ ಪೇಚು, ಜನ ಕೂತು ರಗಳೆ ತೆಗೆಯುತ್ತಾರೆ. ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೆ ಬೆಳಿಗ್ಗೆ ಸಂಜೆ ಆ ಜನರನ್ನು ನಿಭಾಯಿಸಿದವಳು ನಾನು. ಅವಸರದವರು ಯಾರು, ಸುಮ್ಮನೆ ಕೂಗುವವರು ಯಾರು, ಹಸಿದೂ ಕೇಳಲು ಸಂಕೋಚಪಡುವವರು ಯಾರು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ಇದನ್ನೆಲ್ಲ ಆಪಾ ಒಂದೊಂದೇ ಎಳೆದು ಹೊರಗೆ ತೆಗೆದರು. ಆಮೇಲೆ ಅರ್ಜಿಯಲ್ಲಿ ಬರೆದರು: ‘ಶಿವನಿ ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಎಂಟು ವರ್ಷ ಗ್ರಾಹಕರನ್ನು ನೋಡಿಕೊಂಡ ಅನುಭವ.’

ನಾನು ಎದ್ದು ನಿಂತು ಓದಿದೆ. ತಡವರಿಸಲಿಲ್ಲ. ಆದರೆ ಕಿವಿ ಬಿಸಿಯಾಯಿತು. ಕಾಲೇಜಿನಲ್ಲಿ ಗೆಳತಿಯರಿಗೆ ನಮ್ಮದು ಹೋಟೆಲ್ ಎಂದು ಹೇಳಿಯೇ ಇರಲಿಲ್ಲ. ತರೀಕೆರೆಯ ಖಾಸಗಿ ಆಸ್ಪತ್ರೆಯ ನೋಂದಣಿ ಕೌಂಟರಿಗೆ ಅರ್ಜಿ ಹಾಕುತ್ತಿದ್ದೆ. ಅಲ್ಲಿ ಇಸ್ತ್ರಿ ಮಾಡಿದ ಕೋಟು ಹಾಕಿದ ಡಾಕ್ಟರುಗಳ ಮುಂದೆ ಮೆಣಸಿನಕಾಯಿ ಬೋಂಡಾದ ವಾಸನೆ ಹೊತ್ತ ಕಾಗದ ಇಡುವುದೇ ಎಂದು ಮನಸ್ಸು ಒಪ್ಪಲಿಲ್ಲ. ಶಿವಮೊಗ್ಗದಲ್ಲಿದ್ದ ನಮ್ಮ ಮಾವನಿಗೆ ಫೋನ್ ಮಾಡಿದೆ. ಅವರು ಕೆಲಸ ಮಾಡುತ್ತಿದ್ದ ಏಜೆನ್ಸಿಯ ಲೆಟರ್‌ಹೆಡ್ಡಿನಲ್ಲಿ, ನಾನು ಅಲ್ಲಿ ಎರಡು ವರ್ಷ ಆಫೀಸ್ ಸಹಾಯಕಿಯಾಗಿದ್ದೆ ಎಂಬ ಪತ್ರ ಮೂರೇ ದಿನಕ್ಕೆ ಬಂತು. ಆಪಾ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದ ಅರ್ಜಿಯನ್ನು ಇನ್ನೊಂದು ಕಡೆ ತೆರೆಸಿ, ಹೋಟೆಲಿನ ಸಾಲು ಅಳಿಸಿ, ಶಿವಮೊಗ್ಗದ ಸಾಲು ಹಾಕಿಸಿದೆ. ಹಾಗೆ ತಿದ್ದಿದ ಅರ್ಜಿಯನ್ನು ಯಾರ ಮುಂದೆಯೂ ಓದಲಿಲ್ಲ. ಕೊನೆಯಲ್ಲಿ ‘ನನ್ನನ್ನು ಬಲ್ಲವರು’ ಎಂಬಲ್ಲಿ ನಮ್ಮ ಪ್ರಿನ್ಸಿಪಾಲರ ಹೆಸರಿನ ಕೆಳಗೆ ಆಪಾ ತಮ್ಮ ಅಂಗಡಿಯ ಫೋನ್ ನಂಬರ್ ಹಾಕಿದ್ದರು. ಅದನ್ನು ತೆಗೆಯಬೇಕೆಂದು ಹೊಳೆಯಲೇ ಇಲ್ಲ.

ಕೆಲಸ ಸಿಕ್ಕಿತು. ಆಗಿನ ಮ್ಯಾನೇಜರ್ ವಯಸ್ಸಾದವರು, ಮಿತಭಾಷಿ. ಶಿವಮೊಗ್ಗದ ಬಗ್ಗೆ ಸಂದರ್ಶನದಲ್ಲಿ ಒಂದು ಮಾತೂ ಕೇಳಲಿಲ್ಲ. ಒಟ್ಟಿಗೆ ಹತ್ತು ರೋಗಿಗಳು ಬಂದು ಕೂಗಾಡಿದರೆ ಏನು ಮಾಡುತ್ತೀಯಮ್ಮ ಎಂದಷ್ಟೇ ಕೇಳಿದರು. ನಾನು ಹೇಳಿದೆ. ಅವರು ತಲೆಯಾಡಿಸಿದರು. ಪತ್ರದ ಮಹಿಮೆ ಎಂದುಕೊಂಡು ಹೊರಬಂದೆ.

ಬಿಳಿ ಹಾಳೆಯ ಬಂಡಲ್ ತೆಗೆದುಕೊಂಡು ಕಡೂರಿಗೆ ಹೋದೆ. ಆಪಾ ಅದರ ಮೇಲೆ ದಪ್ಪಗೆ ‘ಶಿವನಿ’ ಎಂದು ಬರೆದು, ತಲೆ ಎತ್ತದೆಯೇ ಕೇಳಿದರು:

“ಹೋಟ್ಲು ವಿಷಯ ಕೇಳಿದ್ರೇನೇ?”

“ಹೂಂ ಆಪಾ, ಕೇಳಿದ್ರು.”

“ಕೇಳ್ತಾರೆ ಕಣೇ. ಕೇಳ್ದೆ ಏನು!” ಎಂದು ನಕ್ಕರು. ಆಮೇಲೆ, “ನಿಮ್ಮಮ್ಮಂಗೆ ಹೇಳು, ಹೋಟ್ಲಿಂದ್ಲೇ ಕೆಲಸ ಸಿಕ್ತು ಅಂತ. ಖುಷಿ ಪಡ್ತಾರೆ” ಎಂದರು. ನಾನು ಅಮ್ಮನಿಗೆ ಅದನ್ನು ಹೇಳಲಿಲ್ಲ. ಸುಳ್ಳೆಂದು ನನಗೇ ಗೊತ್ತಿತ್ತಲ್ಲ.

ವರ್ಷಗಳು ಕಳೆದವು. ಕೌಂಟರಿನಿಂದ ಒಳಗಿನ ಆಡಳಿತ ಕೋಣೆಗೆ ನನ್ನ ಕುರ್ಚಿ ಸರಿಯಿತು. ಅಮ್ಮನ ಮಂಡಿ ಕೈಕೊಟ್ಟು ಹೋಟೆಲ್ ಮುಚ್ಚಿತು. ಮನೆ ನನ್ನ ಸಂಬಳದ ಮೇಲೆ ನಿಂತಿತು. ಹಳೆಯ ಮ್ಯಾನೇಜರ್ ನಿವೃತ್ತರಾಗಿ ಹೊಸಬರು ಬಂದರು. ವಯಸ್ಸು ಚಿಕ್ಕದು, ಶಿಸ್ತು ದೊಡ್ಡದು. ಆಸ್ಪತ್ರೆಗೆ ಯಾವುದೋ ಗುಣಮಟ್ಟದ ಮಾನ್ಯತೆ ಬರಬೇಕಂತೆ. ಅದಕ್ಕಾಗಿ ಸಿಬ್ಬಂದಿಯ ಅನುಭವದ ಪತ್ರಗಳನ್ನು ಒಂದೊಂದಾಗಿ ಪರಿಶೀಲಿಸಲಾಗುವುದು, ಸುಳ್ಳು ಕಂಡುಬಂದರೆ ಅಂದೇ ಮನೆಗೆ ಎಂದು ಮೀಟಿಂಗಿನಲ್ಲಿ ಹೇಳಿದರು. ಆವತ್ತು ಊಟದ ಡಬ್ಬಿ ತೆರೆಯಲಾಗಲಿಲ್ಲ. ಶಿವಮೊಗ್ಗದ ಆ ಏಜೆನ್ಸಿ ಎಂದೋ ಮುಚ್ಚಿಹೋಗಿತ್ತು, ಮಾವ ತೀರಿಕೊಂಡಿದ್ದರು. ಹಳೆಯ ಕಡತಗಳಿದ್ದ ಕಬ್ಬಿಣದ ಬೀರುವಿನ ಕೀಲಿ ಮ್ಯಾನೇಜರರ ಬಳಿಯೇ ಇರುತ್ತಿತ್ತು. ದಿನಾ ಬೆಳಿಗ್ಗೆ ಅದರ ಮುಂದೆ ಹಾದು ಹೋಗುವಾಗ ಬೀಗ ಹಾಕಿದೆಯೇ ಎಂದು ಕಣ್ಣು ಹಾಯಿಸುತ್ತಿದ್ದೆ.

ಅದೇ ದಿನಗಳಲ್ಲಿ ಆಪಾ ಬಂದರು.

ಎಲ್ಲರ ಕೈಗೂ ಫೋನು ಬಂದು, ಅರ್ಜಿಗಳೆಲ್ಲ ಅದರಲ್ಲೇ ತುಂಬುವಂತಾಗಿ ಅವರ ಅಂಗಡಿ ಮುಚ್ಚಿದ್ದು ನನಗೆ ಗೊತ್ತಿತ್ತು. ಹೋಗಿ ಮಾತಾಡಿಸಿರಲಿಲ್ಲ, ಅಷ್ಟೇ. ಕಪ್ಪು ಬುರ್ಖಾ, ಬಿಳಿಯಾದ ಹುಬ್ಬು, ಎದೆಗೆ ಅವಚಿಕೊಂಡ ಎರಡು ಕ್ಯಾಲೆಂಡರ್ ರಟ್ಟು. ನೋಂದಣಿ ಹಾಲಿನ ಬೆಂಚುಗಳಲ್ಲಿ ರೋಗಿಗಳು ತುಂಬಿದ್ದರು.

“ಏನೇ ಶಿವನಿ, ದಪ್ಪ ಆಗ್ಬಿಟ್ಟಿದೀಯ!” ಎಂದರು. ಆಮೇಲೆ ದನಿ ತಗ್ಗಿಸಿ, “ಕೌಂಟರಿಗೆ ಜನ ಬೇಕು ಅಂತ ಬೋರ್ಡ್ ಹಾಕಿದೀರಲ್ಲ. ನಂಗೂ ಒಂದು ಕೆಲಸ ಬೇಕು ಕಣೇ. ತಮ್ಮನ ಮನೇಲಿ ಸುಮ್ನೆ ಕೂತು ಉಣ್ಣೋಕೆ ಆಗ್ತಿಲ್ಲ. ಐವತ್ತೆರಡು ಅಂದ್ರೆ ಏನು ಮಹಾ ವಯಸ್ಸು?”

ನಾನು ಅರ್ಜಿಗೆ ಕೈ ಚಾಚಿದೆ. ಅವರು ಕೊಡಲಿಲ್ಲ. “ತಡಿ. ಓದ್ದೆ ಕೊಟ್ರೆ ಹೆಂಗೆ?” ಎಂದು ರಟ್ಟು ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಅಲ್ಲಿಯೇ, ಅಷ್ಟು ಜನರ ನಡುವೆ ನೆಟ್ಟಗೆ ನಿಂತು ಓದತೊಡಗಿದರು. ಹೆಸರು. ಓದು, ಪಿ.ಯು.ಸಿ. ಅನುಭವ: ಕಡೂರಿನಲ್ಲಿ ಇಪ್ಪತ್ತು ವರ್ಷ ಬೇರೆಯವರ ಅರ್ಜಿ ಬರೆದುಕೊಟ್ಟಿದ್ದೇನೆ. ಹೇಳಲು ಬಾರದವರ ಬಾಯಿಂದ ವಿಷಯ ತಿಳಿದುಕೊಳ್ಳಬಲ್ಲೆ. ಇದಕ್ಕೆ ಪ್ರಮಾಣಪತ್ರ ಇಲ್ಲ.

ಒಂದು ಕಡೆಯೂ ಅವರ ನಾಲಿಗೆ ತಡವರಿಸಲಿಲ್ಲ. ಬೆಂಚಿನ ಮೇಲಿದ್ದ ಮುದುಕನೊಬ್ಬ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಕೌಂಟರಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದುಕೊಂಡರು. ನಾಚಿಕೆಯಿಂದ ನನ್ನ ಕಿವಿ ಮತ್ತೆ ಬಿಸಿಯಾಯಿತು. “ಸಾಕು ಆಪಾ, ಕೊಡಿ ಕೊಡಿ” ಎಂದು ಕೈಯಿಂದ ಕಿತ್ತುಕೊಂಡಂತೆ ತೆಗೆದುಕೊಂಡೆ.

“ಬಲ್ಲವರು ಅನ್ನೋ ಕಡೆ ನಿನ್ನ ಹೆಸರು ಹಾಕಿದೀನಿ” ಎಂದರು. “ಕೇಳಿದ್ರೆ ಹೇಳ್ತೀಯಲ್ಲ?”

“ಹೇಳ್ತೀನಿ ಆಪಾ. ಅದನ್ನೂ ಕೇಳ್ಬೇಕಾ?”

ಮಾರನೆಯ ದಿನವೇ ಮ್ಯಾನೇಜರ್ ಕರೆದರು. ಮೇಜಿನ ಮೇಲೆ ಆಪಾನ ಅರ್ಜಿ ಇತ್ತು. “ಇವರು ನಿಮ್ಮ ಹೆಸರು ಕೊಟ್ಟಿದ್ದಾರೆ. ವಯಸ್ಸಾಗಿದೆ, ಆದರೆ ಬರೆದಿರುವ ರೀತಿ ಚೆನ್ನಾಗಿದೆ. ನಿಮಗೆ ಹೇಗೆ ಪರಿಚಯ?”

ಎದುರಿನ ಗೋಡೆಗೆ ಆ ಕಬ್ಬಿಣದ ಬೀರು. ಇವರೇ ನನ್ನ ಅರ್ಜಿ ಬರೆದುಕೊಟ್ಟವರು ಎಂದರೆ, ಹೌದೇ, ನೋಡೋಣ ಎಂದು ನನ್ನ ಕಡತ ತೆಗೆಯುತ್ತಾರೆ. ಆಪಾಗೆ ಫೋನ್ ಮಾಡಿದರೆ ಅವರು ಹೋಟೆಲಿನ ವಿಷಯ ಹೇಳುತ್ತಾರೆ, ಕಡತದಲ್ಲಿ ಶಿವಮೊಗ್ಗ ಇರುತ್ತದೆ. ಇಷ್ಟೂ ಲೆಕ್ಕಾಚಾರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಹೆದರಿಕೆಗೆ ಎಂಥ ಚುರುಕು ಬುದ್ಧಿ!

“ನಮ್ಮ ಕಡೆಯವರು ಸರ್. ಕಡೂರಲ್ಲಿ ಒಂದು ಜೆರಾಕ್ಸ್ ಅಂಗಡಿ ಇತ್ತು. ಅಷ್ಟಾಗಿ ಗೊತ್ತಿಲ್ಲ.”

ಅವರು “ಓಹ್” ಎಂದು ಅರ್ಜಿಯನ್ನು ಎಡಗಡೆಯ ಕಟ್ಟಿನ ಮೇಲೆ ಇಟ್ಟರು. ಎಡಗಡೆಯ ಕಟ್ಟು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಂದು ನನ್ನ ಕುರ್ಚಿಯಲ್ಲಿ ಕೂತು ಕೆಲಸ ಮುಂದುವರಿಸಿದೆ. ನಾಲ್ಕು ಮಾತು ಹೇಳಿದ್ದರೆ ಸಾಕಿತ್ತು ಎಂದು ಆಗಲೇ ತಿಳಿದಿತ್ತು. ತಿಳಿದೂ ಏಳಲಿಲ್ಲ.

ಹದಿನೈದು ದಿನ ಕಾದು ಆಪಾ ಫೋನ್ ಮಾಡಿದರು.

“ಅನುಭವದ ಪತ್ರ ಇರೋರನ್ನೇ ತಗೋಬೇಕಂತೆ ಆಪಾ” ಎಂದೆ.

ಆ ಕಡೆಯಿಂದ ಅದೇ ನಗು. “ಸರಿ ಬಿಡು. ಊರಿಗೆಲ್ಲ ಅರ್ಜಿ ಬರ್ದೆ, ನಂಗೆ ಪತ್ರ ಕೊಡೋರು ಯಾರಿದಾರೆ ಹೇಳು? ನೀನು ಬೇಜಾರು ಮಾಡ್ಕೋಬೇಡ ಕಣೇ. ಅಮ್ಮನ ಮಂಡಿ ಹೆಂಗಿದೆ?”

ಅಮ್ಮನ ಮಂಡಿಯ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ. ಅಜ್ಜಂಪುರದಲ್ಲಿ ಅವರು ತಮ್ಮನ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಾರೆ ಎಂದು ಆಮೇಲೆ ಚೌಳಹಿರಿಯೂರಿನವಳು ಸಿಕ್ಕಾಗ ಹೇಳಿದಳು. ಕಣ್ಣು ಮೊದಲಿನಂತಿಲ್ಲವಂತೆ.

ಪತ್ರಗಳ ಪರಿಶೀಲನೆ ಮುಗಿದರೂ ನನ್ನನ್ನು ಯಾರೂ ಕರೆದು ಕೇಳಲಿಲ್ಲ, ಹೆದರಿಕೆ ಮಾತ್ರ ಹೋಗಲಿಲ್ಲ. ಈ ವರ್ಷದ ಆರಂಭದಲ್ಲಿ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮ್ಯಾನೇಜರ್ ಬೀರುವಿನ ಕೀಲಿಯನ್ನು ತಾವಾಗಿಯೇ ನನ್ನ ಕೈಗಿಟ್ಟರು. ಮೊದಲು ತೆಗೆದಿದ್ದು ನನ್ನದೇ ಕಡತ. ಪತ್ರ ಸಿಕ್ಕರೆ ಹರಿದು ಹಾಕುವುದೆಂದು ನಿಶ್ಚಯಿಸಿದ್ದೆ.

ಪತ್ರ ಇರಲಿಲ್ಲ. ಅರ್ಜಿಯಲ್ಲಿ ಶಿವಮೊಗ್ಗದ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದಿತ್ತು. ಹಾಳೆಯ ಬೆನ್ನಿಗೆ ಹಳೆಯ ಮ್ಯಾನೇಜರರ ಸಣ್ಣ ಅಕ್ಷರ: ‘ಕಡೂರಿನ ಅಂಗಡಿಗೆ ಫೋನ್ ಮಾಡಿದೆ. ಅಲ್ಲಿನ ಹೆಂಗಸು ಬಹಳ ಹೊತ್ತು ಮಾತಾಡಿದರು. ಹುಡುಗಿ ಶಿವನಿ ಸ್ಟೇಷನ್ ಹೋಟೆಲಿನಲ್ಲಿ ಎಂಟು ವರ್ಷ ಜನರನ್ನು ನಿಭಾಯಿಸಿದ್ದಾಳೆ. ಶಿವಮೊಗ್ಗದ ಪತ್ರ ನಿಜವೇ ಎಂದು ಕೇಳಿದೆ. ಅದು ಹೆದರಿಕೊಂಡು ಇಟ್ಟದ್ದು, ಅವಳ ಭವಿಷ್ಯಕ್ಕೆ ಅಡ್ಡ ಬರಬಾರದು, ದಯವಿಟ್ಟು ಕಿತ್ತುಹಾಕಿ ಎಂದರು. ಹಾಗೆಯೇ ಮಾಡಿದೆ. ತೆಗೆದುಕೊಳ್ಳಬಹುದು.’

ಆ ಸಾಲುಗಳನ್ನು ಇನ್ನೊಮ್ಮೆ ಓದಿದೆ. ನನಗೆ ಕೆಲಸ ಕೊಡಿಸಿದ್ದು ಹೋಟೆಲು. ಕೊಡಿಸಿದವರು ಆಪಾ. ಬಿಳಿ ಹಾಳೆ ಕೊಡಲು ಹೋದ ದಿನ ಹೋಟೆಲಿನ ವಿಷಯ ಕೇಳಿದರಾ ಎಂದು ನಕ್ಕಾಗ ಅವರಿಗೆ ಎಲ್ಲವೂ ಗೊತ್ತಿತ್ತು. ನಾನಾಗಿಯೇ ಹೇಳಲಿ ಎಂದು ಒಂದು ಅವಕಾಶ ಕೊಟ್ಟಿದ್ದರು. ನಾನು ಅದಕ್ಕೂ ಸುಳ್ಳು ಹೇಳಿದೆ. ಎಷ್ಟೋ ವರ್ಷಗಳ ಹಿಂದೆಯೇ ಅವರು ಕಿತ್ತುಹಾಕಿಸಿದ್ದ ಕಾಗದಕ್ಕೆ ಹೆದರಿ ಅವರನ್ನೇ ಗೊತ್ತಿಲ್ಲ ಎಂದೆ.

ಹೋಗಬೇಕಿತ್ತು. ತರೀಕೆರೆಯಿಂದ ಅಜ್ಜಂಪುರ ಏನು ದೂರ! ನಾನು ಊರಿಗೆ ಹೋಗುವ ದಾರಿಯೇ ಅದು, ಪ್ರತಿ ವಾರ ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಈ ಭಾನುವಾರ ಬೇಡ, ಅಮ್ಮನಿಗೆ ಔಷಧಿ ತರಬೇಕು. ಬರುವ ಭಾನುವಾರ ನೆಂಟರ ಮನೆಯ ಗೃಹಪ್ರವೇಶ. ಹೋದರೆ ಮೊದಲ ಮಾತು ಏನೆಂದು ಆಡುವುದು ಎಂಬುದೇ ನಿಜವಾದ ಕಾರಣ. ಹಾಳೆಯ ಒಂದು ಬಂಡಲ್ ಕೊಂಡು ಚೀಲದಲ್ಲಿ ಇಟ್ಟುಕೊಂಡಿದ್ದೆ. ಅದು ಎರಡು ತಿಂಗಳು ನನ್ನ ಜೊತೆ ಬಸ್ಸಿನಲ್ಲಿ ಹೋಗಿ ಬಂದು ಮಾಡಿತು, ಮೂಲೆಗಳು ಮುದುಡಿಹೋದವು. ಒಂದು ಬೆಳಿಗ್ಗೆ ದೇವನೂರಿನವನು ಫೋನಿಗೆ ಸುದ್ದಿ ಕಳಿಸಿದ. ಆಪಾ ಹೋಗಿಬಿಟ್ಟರು, ನಿನ್ನೆಯೇ ಮಣ್ಣಾಯಿತು ಎಂದು.

ಹತ್ತು ದಿನ ಬಿಟ್ಟು ಅಜ್ಜಂಪುರದಲ್ಲಿ ಇಳಿದೆ. ಅವರ ತಮ್ಮನ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಆಪಾನದೇ ಮೂಗು, ಆಪಾನದೇ ಅಗಲವಾದ ಹಣೆ. ಊರಿನ ಹೆಸರು ಹೇಳಿದೊಡನೆ ಮಿಷನ್ನಿನಿಂದ ಎದ್ದು ಕುರ್ಚಿ ಸರಿಸಿದರು.

“ಓ, ಶಿವನಿ ಅಂದ್ರೆ ನೀವೇನಾ? ತುಂಬ ಹೇಳ್ತಿದ್ರು ನಿಮ್ ಬಗ್ಗೆ.” ಒಳಗೆ ಚಹಾಕ್ಕೆ ಹೇಳಿ ಬಂದು ಕೂತರು. ಅವರ ಹಿಂದೆ ಗೋಡೆಗೆ ಎರಡು ಕ್ಯಾಲೆಂಡರ್ ರಟ್ಟು ಒರಗಿದ್ದವು, ರಬ್ಬರ್ ಬ್ಯಾಂಡ್ ಹಾಕಿದ್ದ ಹಾಗೆಯೇ.

“ಆಸ್ಪತ್ರೆ ಕೆಲಸ ಸಿಗ್ಲಿಲ್ವಲ್ಲ, ಆಗ ನಂಗೆ ಭಾಳ ಸಿಟ್ಟು ಬಂದಿತ್ತಮ್ಮ” ಎಂದರು. “ನಿಮ್ ಹುಡುಗಿ ಅಲ್ಲೇ ಇದಾಳಲ್ಲ, ಒಂದು ಮಾತು ಹೇಳೋಕಾಗ್ಲಿಲ್ವಾ ಅಂತ ಕೂಗಾಡಿದೆ. ಆಪಾ ನನ್ಮೇಲೇ ರೇಗಿದ್ರು. ಅವಳು ನನ್ ಬಗ್ಗೆ ಚೆನ್ನಾಗೇ ಹೇಳಿರ್ತಾಳೆ, ಅವರ ರೂಲ್ಸು ಹಂಗಿದೆ, ಅವಳೇನು ಮಾಡ್ತಾಳೆ ಪಾಪ ಅಂದ್ರು. ಸಾಯೋ ತನಕ ಅದೇ ಮಾತು. ನೀವು ಹೇಳಿದ್ರಿ ಅಲ್ವೇನಮ್ಮ?”

ಹೂಂ ಎಂದರೆ ಮುಗಿಯುತ್ತಿತ್ತು. ಅವರಿಗೂ ಸಮಾಧಾನ, ನನಗೂ ಬಚಾವು. ನಾಲಿಗೆಯ ತುದಿಗೆ ಬಂದೂ ಇತ್ತು. ನಾನು ಎದ್ದು ನಿಂತೆ. ಯಾಕೆ ನಿಂತೆನೋ ತಿಳಿಯದು.

“ಇಲ್ಲ ಭಾಯ್, ಹೇಳ್ಲಿಲ್ಲ. ನನ್ನ ಕೇಳಿದ್ರು. ಅವರು ನಂಗೆ ಅಷ್ಟಾಗಿ ಗೊತ್ತಿಲ್ಲ ಅಂದ್ಬಿಟ್ಟೆ.”

ಒಂದು ಕಡೆಯೂ ತಡವರಿಸದೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಬಯ್ಯಲಿಲ್ಲ. ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ನಿಧಾನವಾಗಿ ಬೆರಳಿಗೆ ಸುತ್ತಿದರು. ಅಷ್ಟರಲ್ಲಿ ಚಹಾ ಬಂತು. ಅವರೇ ಲೋಟ ತೆಗೆದು ನನ್ನ ಕೈಗೆ ಕೊಟ್ಟರು.

“ಇದನ್ನ ಆಪಾ ಇದ್ದಾಗ ಬಂದು ಹೇಳ್ಬೇಕಿತ್ತಮ್ಮ” ಎಂದರು. “ಅವರು ನಕ್ಕು ಬಿಡ್ತಿದ್ರು. ನಂಗೆ ಅಷ್ಟು ದೊಡ್ಡ ಮನಸ್ಸಿಲ್ಲ.”